ಎಡ ಅಂಗೈಯ ಜೋಳ

ಶಿವರಾತ್ರಿಯ ಮರುದಿನ ಬೆಳಗ್ಗೆ ಪಡಸಾಲೆಯಲ್ಲಿ ಕೂತು ಹೊಸ ಜೋಳ ಕೇರುತ್ತಿದ್ದ ಮಹಾದೇವಕ್ಕ ಮೊರದ ಮೇಲೆಯೇ ವಾಲಿಬಿಟ್ಟಳು. ಸೊಸೆ ನೀಲಕ್ಕ ಒಲೆಯ ಮುಂದಿನಿಂದ ಎದ್ದು ಬರುವಷ್ಟರಲ್ಲಿ ಜೋಳವೆಲ್ಲ ನೆಲದ ಪಾಲಾಗಿತ್ತು. ಅತ್ತೆಯ ಬಾಯಿ ಒಂದು ಕಡೆಗೆ ಜಗ್ಗಿಕೊಂಡಿತ್ತು, ಎಡಗೈ ಎಡಗಾಲು ಬೇರೆ ಯಾರದೋ ಎಂಬಂತೆ ಬಿದ್ದುಕೊಂಡಿದ್ದವು. ಲಕ್ವಾ ಹೊಡೆದಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಚಕ್ಕಡಿ ಕಟ್ಟಿಸಿ ಅಣ್ಣಿಗೇರಿಗೆ, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದರು. ಒಂಬತ್ತು ದಿನ ದವಾಖಾನೆಯಲ್ಲಿದ್ದು ಮನೆಗೆ ಬಂದಳು. ಬಾಯಿ ನೆಟ್ಟಗಾಯಿತು. ತೊದಲಿಕೊಂಡಾದರೂ ಮಾತು ಮರಳಿತು. ಹಿಡಿದು ನಡೆಸಿದರೆ ಕಾಲೆಳೆದುಕೊಂಡು ಹಿತ್ತಲಿನವರೆಗೆ ಹೋಗುವಷ್ಟಾಯಿತು.

ಕೈ ಮಾತ್ರ ತಿರುಗಿ ಬರಲಿಲ್ಲ. ಮೊದಮೊದಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಆಮೇಲೆ ದಿನಕ್ಕಿಷ್ಟು ದಿನಕ್ಕಿಷ್ಟು ಬೆರಳುಗಳು ಒಳಕ್ಕೆ ಮಡಚುತ್ತ ಬಂದು, ಯುಗಾದಿಯ ಹೊತ್ತಿಗೆ ಮುಷ್ಟಿ ಬಿಗಿದುಕೊಂಡಿತು. ಎಂಟು ವರ್ಷದ ಮೊಮ್ಮಗಳು ಸುವರ್ಣಾ ಆಯಿಯ ಮಂಚದ ಬಳಿ ಬಂದಾಗಲೆಲ್ಲ ಆ ಮುಷ್ಟಿ ಹಿಡಿದು, ಒಳಗೇನಿದೆ ತೋರಿಸು ಎಂದು ಕೇಳುತ್ತಿದ್ದಳು. ಮೊದಲೆರಡು ಸಲ ಆಯಿ ನಕ್ಕಳು. ಮೂರನೆಯ ಸಲ ಗೋಡೆಯ ಕಡೆ ಮುಖ ತಿರುಗಿಸಿದಳು.

ಬಲಗೈ ಹೋಗಿದ್ದರೂ ಮಹಾದೇವಕ್ಕ ಇಷ್ಟು ಕುಗ್ಗುತ್ತಿರಲಿಲ್ಲವೇನೋ. ಕೊರಳಿನ ಬೆಳ್ಳಿಯ ಕರಡಿಗೆಯಲ್ಲಿರುವ ಇಷ್ಟಲಿಂಗವನ್ನು ತೆಗೆದು ಇಟ್ಟುಕೊಳ್ಳುವುದು ಎಡ ಅಂಗೈಯ ಮೇಲೆ. ಬಲಗೈ ನೀರೆರೆಯುವುದಕ್ಕೆ, ವಿಭೂತಿ ಧರಿಸುವುದಕ್ಕೆ, ಪತ್ರಿ ಏರಿಸುವುದಕ್ಕೆ. ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದಂದಿನಿಂದ ಐವತ್ತು ವರ್ಷ, ಹೆತ್ತ ಬಾಣಂತನದ ದಿನಗಳಲ್ಲೂ, ಆ ಎಡ ಅಂಗೈಯ ಮೇಲೆ ಲಿಂಗ ಕೂತು ಪೂಜೆಯಾಗದೆ ಅವಳ ಬಾಯಿಗೆ ತುತ್ತು ಹೋದದ್ದಿಲ್ಲ. ಮಠದ ಅಯ್ಯನವರು ಮನೆಗೇ ಬಂದು, ದೇಹ ಸೋತಾಗ ಶಿವ ಇದನ್ನೆಲ್ಲ ಎಣಿಸುವುದಿಲ್ಲ, ತೊಡೆಯ ಮೇಲೆ ಮಡಿಬಟ್ಟೆ ಮಡಚಿಟ್ಟು ಅದರ ಮೇಲೆ ಇಟ್ಟುಕೋ ತಾಯಿ ಎಂದು ಹೇಳಿ ಹೋದರು. ನೀಲಕ್ಕ ತಾನು ಕೈ ಹಿಡಿದು ಬಿಡಿಸುತ್ತೇನೆ ಎಂದಳು. ಮುದುಕಿ ಒಪ್ಪಲಿಲ್ಲ. ಬಟ್ಟೆಯ ಮೇಲಿಟ್ಟು ಪೂಜೆ ಮಾಡಿಕೊಂಡಳು, ಆದರೆ ಅದು ಪೂಜೆಯಲ್ಲ ಎಂದು ತನ್ನಷ್ಟಕ್ಕೆ ತೀರ್ಮಾನಿಸಿಕೊಂಡಳು. ಲಿಂಗ ತಿರುಗಿ ಅಂಗೈಗೆ ಬರುವವರೆಗೆ ರೊಟ್ಟಿ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟಳು. ಯಾರಿಗೆ ಕೊಟ್ಟಳೋ, ಮಾತಂತೂ ಕೊಟ್ಟಳು. ದಿನಕ್ಕೊಂದು ಬಟ್ಟಲು ಜೋಳದ ಅಂಬಲಿ, ಅಷ್ಟೇ.

ಅಂಬಲಿಯ ಮೇಲೆ ಎಷ್ಟು ದಿನ ಜೀವ ನಿಂತೀತು. ಕುಪ್ಪಸದ ತೋಳು ಸಡಿಲಾಯಿತು, ಬಳೆ ಮೊಣಕೈವರೆಗೆ ಜಾರತೊಡಗಿತು. ಮಗ ಈರಬಸಪ್ಪ ಅಣ್ಣಿಗೇರಿಯ ದಲಾಲಿ ಅಂಗಡಿಯಲ್ಲಿ ಕಾಳು ತೂಗುವ ಕೆಲಸದವನು. ಬೆಳಗ್ಗೆ ಸೈಕಲ್ ಏರಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಅವನು ಊರಿನ ಡಾಕ್ಟರನ್ನು ಕರೆತಂದು ತೋರಿಸಿದ. ಡಾಕ್ಟರು ನಾಡಿ ಹಿಡಿದು, ಕಣ್ಣರೆಪ್ಪೆ ಬಿಡಿಸಿ ನೋಡಿ, ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, ಹೊಟ್ಟೆಗೆ ತಿನ್ನದಿದ್ದರೆ ಮುಂಗಾರು ಕಾಣುವುದು ಕಷ್ಟ ಎಂದರು. ಕೈಯನ್ನು ಹಾಗೇ ಬಿಡಬೇಡಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿರಿ, ದಿನಕ್ಕೆರಡು ಸಲ, ನೂರು ನೂರು ಸಲ ಎಂದರು. ಯಾರು ಬಿಡಿಸಬೇಕೆಂದು ಅವರೂ ಹೇಳಲಿಲ್ಲ, ಈರಬಸಪ್ಪನೂ ಕೇಳಲಿಲ್ಲ.

ನೀಲಕ್ಕನ ದಿನ ಎಮ್ಮೆಯ ಕೆಚ್ಚಲಿನಿಂದ ಸುರುವಾಗುತ್ತಿತ್ತು. ಬಾವಿಯ ನೀರು ಸವುಳಾದ್ದರಿಂದ ಕುಡಿಯುವ ನೀರಿಗೆ ಕೆರೆಗೆ ಎರಡು ಸಲ ಹೋಗಬೇಕು. ಹಲ್ಲು ಬರುತ್ತಿದ್ದ ಒಂದೂವರೆ ವರ್ಷದ ಕೂಸು ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಗಂಡನ ಬುತ್ತಿ, ಮಗಳ ಜಡೆ, ಮುಸುರೆ, ಸೆಗಣಿ, ಆಮೇಲೆ ಅತ್ತೆಯ ಹಾಸಿಗೆ. ರಾತ್ರಿ ಒದ್ದೆಯಾದ ಕೌದಿಗಳನ್ನು ಹಿತ್ತಲ ಕಲ್ಲಿಗೆ ಒಗೆದು ಹಾಕುವಾಗ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಆಗ ಕುಸುಬೆಯೆಣ್ಣೆಯ ಬಟ್ಟಲು ಹಿಡಿದು ಮಂಚದ ಬಳಿ ಕೂತು ಆ ಮುಷ್ಟಿಯನ್ನು ಬಿಡಿಸಲು ನೋಡುತ್ತಿದ್ದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಒಂದು ಬಿಡಿಸಿದರೆ ಇನ್ನೊಂದು ಮಡಚಿಕೊಳ್ಳುತ್ತಿತ್ತು. ಮಹಾದೇವಕ್ಕ ಸಹಕರಿಸುತ್ತಲೂ ಇರಲಿಲ್ಲ. ತೋಳನ್ನು ಬಿಗಿಮಾಡಿ, ಕಣ್ಣು ಮುಚ್ಚಿ ಮಲಗಿರುತ್ತಿದ್ದಳು.

"ಸತ್ತ ಕೈ ಅದು," ಎಂದಳು ಒಂದು ದಿನ. "ಹೆಣಾ ತಿಕ್ಕಿದಂಗ ಅದನ್ನ ತಿಕ್ಕಬ್ಯಾಡ. ನಿನಗೂ ಕೆಲಸಿಲ್ಲೇನ?"

ನೀಲಕ್ಕ ನೂರರ ಲೆಕ್ಕದಲ್ಲಿ ಮೂವತ್ತನಾಲ್ಕಕ್ಕೆ ಬಂದಿದ್ದಳು. ಮಾತಾಡಿದರೆ ಲೆಕ್ಕ ತಪ್ಪುತ್ತದೆಂದು ಮೂವತ್ತೈದಕ್ಕೆ ಹೋದಳು. ಆಮೇಲೆ ಒಲೆಯ ಮುಂದೆ ಕೂತಾಗ ಆ ಮಾತು ಹೊಗೆಯ ಜೊತೆ ಕಣ್ಣಿಗೆ ಬಂತು.

ಖಾದರಬಿ ಬಂದದ್ದು ಅದೇ ವಾರ. ಎರಡು ಮನೆ ಆಚೆ ಇರುವ ಅರಳೆ ಹಿಂಜುವ ಹಸನಸಾಬನ ಹೆಂಡತಿ ಅವಳು. ಮಹಾದೇವಕ್ಕ ಮಲಗಿದ್ದ ಗಾದಿಯ ಅರಳೆ ಹಸನಸಾಬನೇ ಹಿಂಜಿ ತುಂಬಿದ್ದು. ಅವನ ಮಾಳಿಗೆಯ ಮೇಲೆ ಇಪ್ಪತ್ತು ಮೂವತ್ತು ಪಾರಿವಾಳಗಳಿದ್ದವು. ಅಂದು ಖಾದರಬಿ ಸೆರಗಿನಡಿ ಮುಚ್ಚಿದ ಬುಟ್ಟಿ ಹಿಡಿದು ಬಂದು ಕಟ್ಟೆಯ ಮೇಲೆ ಕೂತಳು. ಬುಟ್ಟಿಯೊಳಗೆ ಜೋಡಿ ಪಾರಿವಾಳ. ಒಂದು ಬಿಳಿ ಗಂಡು, ಇನ್ನೊಂದು ವಿಭೂತಿಯ ಬಣ್ಣದ ಹೆಣ್ಣು.

"ಲಕ್ವಾಕ್ಕ ಇದರ ಗಾಳಿ ಬಾಳ ಚಲೋರಿ ಅಕ್ಕಾರ," ಎಂದಳು. "ರೆಕ್ಕಿ ಗಾಳಿ ಹಿಂಗ ಮೈಮ್ಯಾಲೆ ಬೀಸಿದ್ರ ಬಿದ್ದ ನರಾ ಎದ್ದ ಕುಂದರತೈತಿ. ನಮ್ಮ ಮಾವಗ ಹಿಂಗಽ ಮಾಡಿದ್ವಿರಿ."

ಅವರು ಎದ್ದರೇ ಎಂದು ನೀಲಕ್ಕ ಕೇಳಿದಳು.

"ಎದ್ದ್ರಲ್ಲರಿ. ಎದ್ದ ಕೂಡ್ಲೆ ನಮ್ಮತ್ತಿಗೆ ಎರಡ ಬಾರಿಸಿದ್ರು. ಆಮ್ಯಾಲೆ ಎರಡ ವರ್ಷಕ್ಕ ಹೋದ್ರು."

ಒಳಗೆ ಮಂಚದ ಮೇಲಿಂದ ಒಂದು ಸಣ್ಣ ಸದ್ದು ಬಂತು. ಅತ್ತೆ ನಕ್ಕಳೋ ಕೆಮ್ಮಿದಳೋ ನೀಲಕ್ಕನಿಗೆ ತಿಳಿಯಲಿಲ್ಲ.

ಅಂದು ಸಂಜೆ ಈರಬಸಪ್ಪ ಬೇಕೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಖಾಲಿ ಡಾಲ್ಡಾ ಡಬ್ಬಿಯ ಒಂದು ಮೈ ಕತ್ತರಿಸಿ ಪಡಸಾಲೆಯ ತೊಲೆಗೆ ತಂತಿಯಿಂದ ಕಟ್ಟಿ ಗೂಡು ಮಾಡಿದ. ಮರುದಿನ ಅಂಗಡಿಯ ನೆಲ ಗುಡಿಸಿದ ಕಾಳನ್ನು ಅಂಗವಸ್ತ್ರದ ತುದಿಯಲ್ಲಿ ಕಟ್ಟಿ ತಂದ. ನೀಲಕ್ಕನ ಕೆಲಸಕ್ಕೆ ಹೀಗೆ ಇನ್ನೊಂದು ಕೆಲಸ ಸೇರಿತು. ಬೆಳಗ್ಗೆ ಮತ್ತು ಸಂಜೆ ಒಂದು ಪಾರಿವಾಳವನ್ನು ಹಿಡಿದು, ಎರಡೂ ಕಾಲು ಬೆರಳ ಸಂದಿಗೆ ಸಿಕ್ಕಿಸಿಕೊಂಡು, ಅತ್ತೆಯ ಎಡ ತೋಳಿನ ಮೇಲೆ, ಎಡ ಕಾಲಿನ ಮೇಲೆ ಆಡಿಸಬೇಕು. ಹಕ್ಕಿ ಜೀವಭಯದಿಂದ ರೆಕ್ಕೆ ಬಡಿಯುತ್ತಿತ್ತು. ಗಾಳಿಯೇನೋ ಬರುತ್ತಿತ್ತು. ಗಾಳಿಯ ಜೊತೆ ಧೂಳು, ತುಪ್ಪಳ, ಒಮ್ಮೊಮ್ಮೆ ಹಿಕ್ಕೆ. ಮಹಾದೇವಕ್ಕ ಸೀನುತ್ತ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಹನ್ನೊಂದು ದಿನ ಹೀಗೇ ನಡೆಯಿತು. ಮುಷ್ಟಿಯ ಒಂದು ಬೆರಳೂ ಅಲುಗಲಿಲ್ಲ. ದಿನಕ್ಕೆ ಮೂರು ಸಲ ನೆಲ ಸಾರಿಸುವುದೊಂದು ಹೆಚ್ಚಾಯಿತು.

ಹನ್ನೆರಡನೆಯ ಬೆಳಗ್ಗೆ ನೀಲಕ್ಕನ ಕಣ್ಣು ಉರಿಯುತ್ತಿದ್ದವು. ಕೂಸು ಜ್ವರದಿಂದ ರಾತ್ರಿಯೆಲ್ಲ ಮಲಗಗೊಟ್ಟಿರಲಿಲ್ಲ. ಎಮ್ಮೆ ಒದ್ದು ಹಾಲು ಚೆಲ್ಲಿತ್ತು. ಬೇಗ ಮುಗಿಸಿಬಿಡೋಣವೆಂದು ಬೂದಿ ಬಣ್ಣದ ಹೆಣ್ಣುಹಕ್ಕಿಯನ್ನು ಹಿಡಿದು ಬೀಸತೊಡಗಿದಳು. ಎಷ್ಟು ಸಲವಾಯಿತು, ಕೈ ಎತ್ತ ಹೋಗುತ್ತಿದೆ ಎಂಬ ಖಬರು ಅವಳಿಗಿರಲಿಲ್ಲ. ಒಲೆಯ ಮೇಲಿನ ಬೇಳೆ ಹತ್ತಿದ ವಾಸನೆ ಬಂದು ತಲೆ ತಿರುಗಿಸಿದಳು. ಅಷ್ಟರಲ್ಲಿ ಹಕ್ಕಿಯ ಎಡ ರೆಕ್ಕೆ ಪಡಸಾಲೆಯ ಕಂಬಕ್ಕೆ ಫಟ್ಟನೆ ಬಡಿಯಿತು.

"ಬಿಡಽ ಅದನ್ನ," ಎಂದಳು ಮಹಾದೇವಕ್ಕ. ಎರಡು ತಿಂಗಳಲ್ಲಿ ಅವಳು ತೊದಲದೆ ಆಡಿದ ಮೊದಲ ಮಾತು ಅದು. "ನನ್ನ ಸಲವಾಗಿ ಅದರ ಜೀವಾ ಯಾಕ ತಗೀತಿ?"

ಹಕ್ಕಿ ನೆಲಕ್ಕೆ ಬಿದ್ದು, ಒಂದು ರೆಕ್ಕೆ ಎಳೆದುಕೊಂಡು ಗುಂಡಗೆ ಸುತ್ತಿತು, ಆಮೇಲೆ ಮಂಚದ ಕೆಳಗೆ ಹೋಗಿ ಕೂತಿತು. ನೀಲಕ್ಕ ಕಂಬಕ್ಕೆ ಆತು ಕೂತುಬಿಟ್ಟಳು. ಬೇಳೆ ಕರಕಾದರೂ ಎದ್ದು ಹೋಗಲಿಲ್ಲ. ಅತ್ತೆ ಬೈಯಲಿ ಎಂದು ಕಾದಳು. ಅತ್ತೆ ಬೈಯಲಿಲ್ಲ. ಮಂಚದ ಅಂಚಿಗೆ ಬಾಗಿ ಕೆಳಗೆ ನೋಡುತ್ತಿದ್ದಳು.

ಖಾದರಬಿ ಬಂದು ಹಕ್ಕಿಯನ್ನು ತೊಡೆಯ ಮೇಲಿಟ್ಟುಕೊಂಡು ರೆಕ್ಕೆ ಬಿಡಿಸಿ ನೋಡಿದಳು. ಎಲುಬು ಮುರಿದಿಲ್ಲ, ಉಳುಕಿದೆ ಎಂದಳು. ಅರಿಶಿನ ಹಚ್ಚಿ ಹಳೆಯ ಧೋತರದ ಅಂಚು ಹರಿದು ಮೈಗೆ ಸೇರಿಸಿ ಕಟ್ಟಿದಳು. ತಿಂಗಳವರೆಗೆ ಹಾರಿಸಬೇಡಿ, ಹೊರಗೆ ಬಿಟ್ಟರೆ ಬೆಕ್ಕಿನ ಬಾಯಿಗೆ ಬೀಳುತ್ತದೆ, ಮನೆಯೊಳಗೇ ಇಟ್ಟುಕೊಳ್ಳಿ ಎಂದಳು. ನೀಲಕ್ಕನಿಗೆ ಅವಳ ಮುಖ ನೋಡಲಾಗಲಿಲ್ಲ. ಖಾದರಬಿಗೆ ಅದು ತಿಳಿಯಿತು.

"ಗಾಳಿ ಹಾಕಾಕ ಬಂದಾಕಿ ಈಗ ನಿಮ್ಮ ಕೈಲೆ ಬಾಣಂತನಾ ಮಾಡಿಸ್ಕೊಂತಾಳ," ಎಂದು ನಕ್ಕು, ನೀಲಕ್ಕನ ಸೊಂಟದ ಕೂಸನ್ನು ತಾನು ಎತ್ತಿಕೊಂಡು ಹೋದಳು. ಮಧ್ಯಾಹ್ನದವರೆಗೆ ತಿರುಗಿ ತರಲಿಲ್ಲ. ಆ ದಿನ ನೀಲಕ್ಕ ಒಂದು ತಾಸು ನಿದ್ದೆ ಮಾಡಿದಳು.

ಗಾಳಿಯ ಉಪಚಾರ ಅಲ್ಲಿಗೆ ನಿಂತಿತು. ಮಂಚದ ಕಾಲಿನ ಬಳಿ ಹಳೆಯ ಬುಟ್ಟಿಯಲ್ಲಿ ಹಕ್ಕಿ ಉಳಿಯಿತು. ಮಹಾದೇವಕ್ಕ ಅದಕ್ಕೆ ಬೂದೆವ್ವ ಎಂದು ಹೆಸರಿಟ್ಟಳು. ಸುವರ್ಣಾ ಓಣಿಯಲ್ಲಿ ಆಡಿ ಬಂದ ಕೂಡಲೆ ಆಯಿಗಿಂತ ಮೊದಲು ಬೂದೆವ್ವನನ್ನು ವಿಚಾರಿಸುತ್ತಿದ್ದಳು. ಗಂಡುಹಕ್ಕಿ ತೊಲೆಯಿಂದ ಇಳಿದು ಬಂದು, ಗುಟುರು ಹಾಕುತ್ತ ಬುಟ್ಟಿಯ ಸುತ್ತ ತಿರುಗಿ ಹೋಗುತ್ತಿತ್ತು.

"ಇವನ್ನ ನೋಡ," ಎಂದಳು ಮಹಾದೇವಕ್ಕ ಒಂದು ದಿನ ಸೊಸೆಗೆ. "ಬಂದ, ಕೇಳಿದ, ಹ್ವಾದ. ಕೆಲಸಾ ಮಾತ್ರ ಏನೂ ಇಲ್ಲ." ಯಾರನ್ನು ಕುರಿತು ಹೇಳಿದಳೆಂದು ಇಬ್ಬರಿಗೂ ಗೊತ್ತಿತ್ತು. ಈರಬಸಪ್ಪ ಆಗತಾನೆ ತಾಯಿಯ ಯೋಗಕ್ಷೇಮ ಕೇಳಿ ಸೈಕಲ್ ಏರಿ ಹೋಗಿದ್ದ.

ಮಂಚದ ಬಲಮಗ್ಗುಲು ಗೋಡೆಗೆ ತಾಗಿತ್ತು. ಬುಟ್ಟಿ ಇದ್ದದ್ದು ಎಡಕ್ಕೆ. ಹಕ್ಕಿಗೆ ಕಾಳು ಹಾಕಬೇಕೆಂದರೆ ಮಹಾದೇವಕ್ಕನ ಬಲಗೈ ಅಲ್ಲಿಯವರೆಗೆ ನಿಲುಕುತ್ತಿರಲಿಲ್ಲ. ನೀಲಕ್ಕ ಬೆಳಗ್ಗೆ ಒಂದು ಹಿಡಿ ಜೋಳವನ್ನು ಬುಟ್ಟಿಯಲ್ಲಿ ಚೆಲ್ಲಿ, ಇನ್ನೊಂದು ಹಿಡಿಯನ್ನು ಅತ್ತೆಯ ತಲೆದಿಂಬಿನ ಬಳಿ ಬಟ್ಟಲಲ್ಲಿ ಇಟ್ಟು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಬಟ್ಟಲು ಮಧ್ಯಾಹ್ನಕ್ಕೆ ಖಾಲಿಯಾಗಿರುತ್ತಿತ್ತು. ಹೇಗೆ ಖಾಲಿಯಾಗುತ್ತದೆ ಎಂದು ಯೋಚಿಸುವಷ್ಟು ಪುರಸೊತ್ತು ಅವಳಿಗಿರಲಿಲ್ಲ.

ಒಂದು ದಿನ ರೊಟ್ಟಿಯ ಹಿಟ್ಟು ತೆಗೆಯಲು ಅಡುಗೆಮನೆಯಿಂದ ಎದ್ದು ಬಂದವಳು ಬಾಗಿಲಲ್ಲೇ ನಿಂತಳು. ಮಹಾದೇವಕ್ಕ ಮಗ್ಗುಲಾಗಿ ಮಲಗಿದ್ದಳು. ಎಡಗೈಯನ್ನು ಬಲಗೈಯಿಂದ ಎತ್ತಿ ಮಂಚದ ಅಂಚಿನಾಚೆ ಇಳಿಬಿಟ್ಟಿದ್ದಳು. ಮಡಚಿದ ಬೆರಳುಗಳ ಸಂದಿಯಲ್ಲಿ ಜೋಳದ ಕಾಳು ತುರುಕಿದ್ದಳು. ಬೂದೆವ್ವ ಕುತ್ತಿಗೆ ಉದ್ದ ಮಾಡಿ ಒಂದೊಂದೇ ಕಾಳು ಕಿತ್ತು ತಿನ್ನುತ್ತಿತ್ತು. ಸಂದಿಯ ಕಾಳು ಮುಗಿದಾಗ ಕೊಕ್ಕನ್ನು ಮುಷ್ಟಿಯೊಳಗೇ ತೂರಿಸಿತು. ಒಳಗೂ ಕಾಳಿದೆಯೆಂದು ಅದಕ್ಕೆ ಗೊತ್ತಿತ್ತು.

"ಸಾವಕಾಶ ತಿನ್ನವಾ," ಎಂದಳು ಮಹಾದೇವಕ್ಕ ಹಕ್ಕಿಗೆ. "ನೋಯತೈತಿ."

ನೀಲಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸತ್ತ ಕೈ ನೋಯುತ್ತಿದೆ. ನೋಡುತ್ತಿದ್ದಂತೆ ಆ ತೋರುಬೆರಳು ನಡುಗಿತು, ಸೋತಿತು, ಮತ್ತೆ ನಡುಗಿತು. ಅಕ್ಕಿಕಾಳಿನಷ್ಟು ಸಂದು ಬಿಟ್ಟಿತು. ಹಕ್ಕಿ ಒಂದು ಜೋಳ ತೆಗೆದುಕೊಂಡಿತು. ಮಹಾದೇವಕ್ಕನ ಹಣೆಯ ಮೇಲೆ ಬೆವರೊಡೆದಿತ್ತು. ಕೆರೆಯಿಂದ ಎರಡು ಕೊಡ ಹೊತ್ತು ತಂದವರ ಹಾಗೆ ಏದುಸಿರು ಬಿಡುತ್ತಿದ್ದಳು.

ನೀಲಕ್ಕ ಹಿಟ್ಟು ತೆಗೆಯದೆ, ಸದ್ದಾಗದ ಹಾಗೆ ಹಿಂದಕ್ಕೆ ಹೋದಳು. ಗಂಡನಿಗೂ ಹೇಳಲಿಲ್ಲ. ಹೇಳಿದರೆ ಅವನು ತಾಯಿಯ ಬಳಿ ಹೋಗಿ, ಎಲ್ಲಿ ತೋರಿಸು ನೋಡೋಣ ಎನ್ನುತ್ತಾನೆ. ನೋಡುವವರಿದ್ದಾರೆಂದು ಗೊತ್ತಾದರೆ ಈ ಮುದುಕಿ ಮತ್ತೆ ಗೋಡೆಯ ಕಡೆ ತಿರುಗುತ್ತಾಳೆ. ಹದಿನಾಲ್ಕು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದವಳಿಗೆ ಅಷ್ಟು ತಿಳಿದಿತ್ತು. ಅಂದಿನಿಂದ ಎಣ್ಣೆಯ ಬಟ್ಟಲು ಹಿಡಿದು ಕೂತಾಗ ಅವಳು ನೂರು ಎಣಿಸಲಿಲ್ಲ. ಮೇಲೆ ಮೇಲೆ ಸವರಿ ಎದ್ದುಬಿಡುತ್ತಿದ್ದಳು. ಬಟ್ಟಲಿನ ಜೋಳವನ್ನು ಮಾತ್ರ ದಿನಕ್ಕಿಷ್ಟು ಹೆಚ್ಚು ಮಾಡಿದಳು. ಬುಟ್ಟಿಯಲ್ಲಿ ಚೆಲ್ಲುವುದನ್ನು ನಿಲ್ಲಿಸಿಯೇಬಿಟ್ಟಳು. ಹಕ್ಕಿಗೆ ಹಸಿವಾದರೆ ಅದು ಮುಷ್ಟಿಯ ಬಾಗಿಲಿಗೇ ಬರಬೇಕು.

ಅಷ್ಟು ಹೊತ್ತು ಅವಳಿಗೂ ಬಿಡುವು ಸಿಗುತ್ತಿತ್ತು. ಒಳಗೆ ಅತ್ತೆ ಹಕ್ಕಿಯೊಡನೆ ಗೊಣಗುತ್ತಿರುವುದು ಕೇಳಿಸುತ್ತಿದ್ದರೆ, ಹಿತ್ತಲ ಬಾಗಿಲಲ್ಲಿ ಕೂಸಿಗೆ ಮೊಲೆಯೂಡಿಸುತ್ತ ಗೋಡೆಗೆ ತಲೆ ಆನಿಸಿ ಕೂರುತ್ತಿದ್ದಳು. ಮಹಾದೇವಕ್ಕ ಹಕ್ಕಿಯ ಮುಂದೆ ಏನೇನೋ ಹೇಳಿಕೊಳ್ಳುತ್ತಿದ್ದಳು. ತನ್ನ ತವರಿನ ಬಾವಿ, ಕುಂದಗೋಳಕ್ಕೆ ಕೊಟ್ಟ ಮಗಳು, ಸತ್ತ ಗಂಡನ ಹಟ. ಒಂದು ದಿನ, "ನಮ್ಮ ನೀಲಾ ಬಾಳ ಸೊರಗ್ಯಾಳ ನೋಡವಾ," ಎಂದದ್ದೂ ಕೇಳಿಸಿತು. ನೀಲಕ್ಕನಿಗೆ ಆ ಮಾತನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಎದ್ದು ಹೋಗಿ ಎಮ್ಮೆಗೆ ಕಣಿಕೆ ಹಾಕಿದಳು.

ಆದರೆ ಅಂಬಲಿ ಅಂಬಲಿಯೇ ಆಗಿತ್ತು. ಬೆರಳು ಬಿಡುತ್ತಿದ್ದವು, ಮೈ ಇಳಿಯುತ್ತಿತ್ತು. ಯಾವುದು ಮೊದಲಾಗುತ್ತದೆ ಎಂಬ ಭಯದಲ್ಲೇ ವೈಶಾಖ ಅರ್ಧ ಕಳೆಯಿತು. ಬಿಸಿಲಿಗೆ ಕರಿನೆಲ ಬಾಯಿ ಬಿಟ್ಟಿತು. ಮಹಾದೇವಕ್ಕ ಎದ್ದು ಕೂತರೆ ಕಣ್ಣು ಕತ್ತಲೆ ಬರುತ್ತದೆಂದು ಹೇಳತೊಡಗಿದಳು. ನೀಲಕ್ಕ ಅಂಬಲಿಗೆ ಗೊತ್ತಾಗದಂತೆ ತುಸು ಬೆಣ್ಣೆ ಸೇರಿಸಿದಳು. ಮುದುಕಿ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು. ಅಂದು ಅದೂ ಇಲ್ಲದೆ ಮಲಗಿದಳು.

ಅಂಥದರಲ್ಲಿ ಕುಂದಗೋಳದಿಂದ ಮಗಳು ಕಸ್ತೂರೆವ್ವ ಬಂದಳು. ಒಳಗೆ ಕಾಲಿಡುತ್ತಲೇ ಮೂಗಿಗೆ ಸೆರಗು ಹಿಡಿದಳು. ತೊಲೆಯ ಮೇಲೆ ಹಕ್ಕಿ, ಮಂಚದ ಕೆಳಗೆ ಹಕ್ಕಿ, ನೆಲದ ಮೇಲೆ ಹಿಕ್ಕೆ. ತಾಯಿಯ ಮೈಕಟ್ಟು ನೋಡಿ ಅವಳಿಗೆ ಅಳು ಬಂತು. ಅಳು ಬಂದ ಕೂಡಲೆ ಸಿಟ್ಟೂ ಬಂತು. ಸಿಟ್ಟಿಗೆ ಸಿಕ್ಕಿದವಳು ನೀಲಕ್ಕ. ಪಿಂಜಾರರ ಮನೆಯ ಪಕ್ಷಿಯನ್ನು ಲಿಂಗಪೂಜೆಯ ಮಗ್ಗುಲಲ್ಲಿ ಇಟ್ಟುಕೊಂಡರೆ ಕೈ ಹೇಗೆ ಬಂದೀತು ಎಂದಳು. ಗಾಳಿಯಿಂದ ಆಗದಿದ್ದರೆ ನಾಳೆ ಅದರ ರಕ್ತ ಹಚ್ಚಬೇಕೆಂದು ಹೇಳಿಕೊಂಡು ಬರುತ್ತಾರೆ, ಲಕ್ವಾಕ್ಕೆ ಹಾಗೆ ಮಾಡುವವರನ್ನು ತಾನು ಕೇಳಿದ್ದೇನೆ ಎಂದಳು. ಖಾದರಬಿ ಅಂಥ ಮಾತನ್ನು ಆಡಿಯೇ ಇಲ್ಲವೆಂದು ನೀಲಕ್ಕ ಹೇಳಬಹುದಿತ್ತು. ರೆಕ್ಕೆ ಉಳುಕಿಸಿದವಳು ತಾನೇ ಎಂದೂ, ಆ ಕೈ ಅಲುಗುತ್ತಿದೆ ಎಂದೂ ಹೇಳಬಹುದಿತ್ತು. ಆದರೆ ಬೆಳಗಿನಿಂದ ಅವಳ ಬಾಯಿಗೆ ಒಂದು ತುತ್ತೂ ಹೋಗಿರಲಿಲ್ಲ. ವಾದಿಸುವುದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕು. ಆಗಲಿ, ಕೊಟ್ಟುಬರುತ್ತೇನೆ ಎಂದುಬಿಟ್ಟಳು.

ಬುಟ್ಟಿಯನ್ನು ಎತ್ತಿದಳು. ಬೂದೆವ್ವ ಒಳಗೆ ಸುಮ್ಮನೆ ಕೂತಿತ್ತು, ಕಟ್ಟಿದ ಪಟ್ಟಿಯ ಅಂಚು ಮಾಸಿ ಕಂದಾಗಿತ್ತು. ಅದರ ಮೇಲೆ ಮೊರ ಮುಚ್ಚಿ ಹೊಸ್ತಿಲ ಬಳಿ ಹೋದಳು.

"ನೀಲಾ," ಎಂದಳು ಮಹಾದೇವಕ್ಕ.

ನೀಲಕ್ಕ ನಿಂತಳು.

"ಎಲ್ಲಿಗೆ ಒಯ್ಯಾಕತ್ತೀ?"

ಕಸ್ತೂರೆವ್ವ ತಾನೇ ಉತ್ತರ ಕೊಟ್ಟಳು. ಅವ್ವಾ, ನಿನ್ನ ಒಳಿತಿಗೇ ಹೇಳುವುದು, ಹೊಲಸು ಮನೆಯಿಂದ ಹೋಗಲಿ, ನಾನಿದ್ದೇನೆ, ದಿನಾ ಎಣ್ಣೆ ತಿಕ್ಕುತ್ತೇನೆ, ನೀನು ಬೆರಳು ಬಿಡು ಸಾಕು ಎಂದಳು.

ಮಹಾದೇವಕ್ಕ ಬಲಗೈ ಊರಿ ಎದ್ದು ಕೂತಳು. ಒಮ್ಮೆ ಕಣ್ಣು ಮುಚ್ಚಿ ತಲೆ ತಿರುಗುವುದು ನಿಲ್ಲಲೆಂದು ಕಾದಳು.

"ಅದನ್ನ ಕೊಟ್ಟ ಬಂದ್ರ," ಎಂದಳು, "ನಾ ಯಾರ ಮುಂದ ಕೈ ತಗೀಲಿ?"

ಎಡಗೈ ತೊಡೆಯ ಮೇಲಿತ್ತು. ಅದರ ಮೇಲಿನ ಸೆರಗನ್ನು ಸರಿಸಿದಳು. ಬೆರಳುಗಳು ನಡುಗತೊಡಗಿದವು. ಮೊದಲು ತೋರುಬೆರಳು, ಆಮೇಲೆ ನಡುಬೆರಳು, ಆಮೇಲೆ ಉಳಿದೆರಡು ಒಟ್ಟಿಗೆ. ಹೆಬ್ಬೆರಳು ಹಟ ಮಾಡಿತು, ಅದನ್ನು ಬಲಗೈಯಿಂದ ಸರಿಸಿದಳು. ಅಂಗೈ ಸಟ್ಟುಗದಷ್ಟು ತೆರೆಯಿತು, ಅದಕ್ಕಿಂತ ಹೆಚ್ಚಲ್ಲ. ಒಳಗೆ ಚರ್ಮ ಬೆಳ್ಳಗೆ ಮೆತ್ತಗಾಗಿತ್ತು. ಅಲ್ಲಲ್ಲಿ ಕೊಕ್ಕಿನ ಕೆಂಪು ಗುರುತು. ನಡುವೆ ಬೆವರಿಗೆ ಅಂಟಿಕೊಂಡ ನಾಲ್ಕು ಜೋಳದ ಕಾಳು.

ಕಸ್ತೂರೆವ್ವ ಮೂಗಿನ ಸೆರಗು ಬಿಟ್ಟಳು. ತಾಯಿಯ ಕೈ ಹಿಡಿಯಲು ಮುಂದೆ ಬಂದಳು. ಮಹಾದೇವಕ್ಕ ಅವಳ ಕಡೆ ನೋಡದೆ, ಆ ಕಾಳುಗಳನ್ನು ಬಲಗೈಯ ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದಳು. ಅಷ್ಟು ದಿನ ಅವಳು ಹಕ್ಕಿಯ ಹೊಟ್ಟೆಯ ಲೆಕ್ಕ ಮಾಡಿದ್ದಳೇ ಹೊರತು ಅಂಗೈಯ ಲೆಕ್ಕ ಮಾಡಿರಲಿಲ್ಲ. ಲಿಂಗ ಕೂರುವಷ್ಟು ಅದು ತೆರೆದಿದೆ ಎಂಬುದು ಈಗ ಅವಳಿಗೂ ಕಂಡಿತು.

"ಕಸ್ತೂರಿ, ನೀರ ಕಾಯಿಸು," ಎಂದಳು. "ನೀಲಾ, ಅದನ್ನ ಇಳಿಸು ಅಲ್ಲೆ. ಹಸದೈತಿ ಅದು."

ಮಗಳೇ ಸ್ನಾನ ಮಾಡಿಸಿದಳು. ನೀಲಕ್ಕ ಮಂಚದ ಬಳಿ ನೆಲ ಸಾರಿಸಿ, ಬುಟ್ಟಿಯನ್ನು ಬಾಗಿಲ ಆಚೆಗೆ ಸರಿಸಿ, ತಂಬಿಗೆ, ವಿಭೂತಿ, ಪತ್ರಿ ತಂದಿಟ್ಟಳು. ಮಹಾದೇವಕ್ಕ ಗೋಡೆಗೆ ದಿಂಬು ಆನಿಸಿ ಕೂತು, ಇಬ್ಬರೂ ಆಚೆ ಹೋಗಿ ಎಂದಳು. ಹೋಗುವಾಗ ನೀಲಕ್ಕ ಕದ ಪೂರ್ತಿ ಮುಂದೆ ಮಾಡಲಿಲ್ಲ. ಬಿದ್ದರೆ ಹಿಡಿಯಬೇಕಲ್ಲ. ಕರಡಿಗೆಯ ಮುಚ್ಚಳ ತೆರೆದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಸಂದಿನಿಂದ ಕಂಡದ್ದು ಇಷ್ಟು: ಲಿಂಗ ಅಂಗೈಯಲ್ಲಿ ಕೂತಿತ್ತು. ಕೈ ಅಲುಗಿದಾಗ ಅದೂ ಓಲಾಡುತ್ತಿತ್ತು. ಮಹಾದೇವಕ್ಕ ಎಡ ಮೊಣಕೈಯನ್ನು ತೊಡೆಗೆ ಒತ್ತಿ ಹಿಡಿದಿದ್ದಳು. ಬಲಗೈಯಿಂದ ನೀರೆರೆಯಲು ಹೋಗಿ ಅರ್ಧ ಸೀರೆಯ ಮೇಲೆ ಚೆಲ್ಲಿಕೊಂಡಳು. ಬೆರಳುಗಳು ಮಡಚಲು ನೋಡುತ್ತಿದ್ದವು, ಅವಳು ಬಿಡುತ್ತಿರಲಿಲ್ಲ. ನೀಲಕ್ಕ ಅಷ್ಟಕ್ಕೇ ಕಣ್ಣು ತೆಗೆದಳು. ಆಕೆಯ ಪೂಜೆ ಆಕೆಯದು.

ಒಲೆಯ ಮುಂದೆ ಹೋಗಿ ಕೂತಳು. ಹಂಚು ಕಾದಿತ್ತು. ಹಿಟ್ಟು ನಾದುತ್ತ, ಕಿವಿಯನ್ನು ಪಡಸಾಲೆಯ ಕಡೆಗೇ ಇಟ್ಟಿದ್ದಳು. ಕೂಸು ತೊಡೆಯ ಮೇಲೆ ಅರೆನಿದ್ದೆಯಲ್ಲಿತ್ತು. ಪೂಜೆ ಮುಗಿಯಲು ಬಹಳ ಹೊತ್ತು ಹಿಡಿಯಿತು. ಕಸ್ತೂರೆವ್ವ ಎರಡು ಸಲ ಎದ್ದು ನಿಂತು ಎರಡು ಸಲ ಕೂತಳು.

"ನೀಲಾ," ಎಂದು ಕೊನೆಗೆ ದನಿ ಬಂತು. "ಒಂದ ರೊಟ್ಟಿ ತಾ."

ನೀಲಕ್ಕ ಬಡಿದ ರೊಟ್ಟಿ ಎತ್ತುವಾಗ ಹರಿಯಿತು. ಇನ್ನೊಂದು ಬಡಿದಳು. ಅದು ದಪ್ಪವಾಯಿತು, ಅಂಚು ಸೀಳಿತು. ಮೂರನೆಯದಕ್ಕೆ ಕಾಯದೆ ಅದನ್ನೇ ಬೇಯಿಸಿ, ಮೇಲೊಂದಿಷ್ಟು ಬೆಣ್ಣೆ ಹಾಕಿ, ಪಲ್ಯ ಬಡಿಸಿ ಒಯ್ದು ಇಟ್ಟಳು. ಮಹಾದೇವಕ್ಕ ಬಲಗೈಯಿಂದ ಒಂದು ಚೂರು ಮುರಿದಳು. ನಿಧಾನವಾಗಿ ಅಗಿದಳು. ಎರಡು ತಿಂಗಳ ಮೇಲೆ ಹಲ್ಲಿಗೆ ಕೆಲಸ ಸಿಕ್ಕಿತ್ತು.

"ದಪ್ಪ ಆಗೇತಿ," ಎಂದಳು. "ನಡುವ ಹಸಿ ಉಳದೈತಿ."

"ಹೂಂರಿ ಅತ್ತಿ," ಎಂದಳು ನೀಲಕ್ಕ. ಅಲ್ಲೇ ಕಂಬಕ್ಕೆ ಆತು ಕೂತಳು. ಎದ್ದು ಇನ್ನೊಂದು ರೊಟ್ಟಿ ಬಡಿಯಬೇಕು, ನಾಳೆಯಿಂದ ದಿನಾ ಎರಡು ಹೆಚ್ಚು ಬಡಿಯಬೇಕು, ಕೆರೆಗೆ ಹೋಗುವುದಿದೆ, ಹಿತ್ತಲಲ್ಲಿ ಒಗೆಯದ ಕೌದಿ ಬಿದ್ದಿದೆ ಎಂದುಕೊಂಡಳು. ಏಳಲಾಗಲಿಲ್ಲ. ಕೂಸಿನ ತಲೆ ತೋಳಿನ ಮೇಲೆ ಭಾರವಾಗಿ ಬಿಸಿಯಾಗಿತ್ತು. ಮಹಾದೇವಕ್ಕ ಅರ್ಧ ರೊಟ್ಟಿ ತಿಂದು, ಉಳಿದ ಚೂರನ್ನು ಎಡ ಅಂಗೈಯಲ್ಲಿಟ್ಟು ಪುಡಿ ಮಾಡುತ್ತಿದ್ದಳು. ಬೂದೆವ್ವ ಬುಟ್ಟಿಯ ಅಂಚು ಹತ್ತಿ, ಬಾಗಿಲು ದಾಟಿ, ಒಂದೇ ಮಗ್ಗುಲಿಗೆ ವಾಲುತ್ತ ಮಂಚದತ್ತ ನಡೆದು ಬರುತ್ತಿತ್ತು. ಅದು ಬಂದು ಮುಟ್ಟುವುದನ್ನು ನೋಡಬೇಕೆಂದು ನೀಲಕ್ಕ ಕಣ್ಣು ಬಿಟ್ಟಿರಲು ಬಹಳ ಪ್ರಯತ್ನಿಸಿದಳು.

ಓಣಿಯಲ್ಲಿ ಆಡಿ ಬಂದ ಸುವರ್ಣಾಳ ಹೆಜ್ಜೆ ಕೇಳಿಸಿತು. ಅವ್ವಾ ಹಸಿವು ಎಂದು ಅವಳು ಕೂಗಿದ್ದೂ ದೂರದಿಂದ ಎಂಬಂತೆ ಕೇಳಿಸಿತು.

"ಎಬ್ಬಸಬ್ಯಾಡವಾ ಆಕೀನ," ಎಂದಳು ಮಹಾದೇವಕ್ಕ ಮೊಮ್ಮಗಳಿಗೆ. "ನೀ ಇಲ್ಲೆ ಬಾ. ನನ್ನ ಕೈಯಾಗ ಏನೈತಿ ನೋಡಬಾ."